ಕೌನ್ಸಾ ಎಡಿಶನ್, ಸಾಬ್?

ರಾತ್ರಿ ಹನ್ನೊಂದೂವರೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕೊನೆಯ ಕುಕ್ಕರೂ ಸೀಟಿ ನಿಲ್ಲಿಸಿದೆ. ನಾನೊಬ್ಬ ಮಾತ್ರ ಯಾವುದೋ ಸಾಫ್ಟ್‌ವೇರ್ ಕೈಪಿಡಿಯ ಜಾಲತಾಣದಲ್ಲಿ, ಭೂತಗನ್ನಡಿ ಅಂಟಿಸಿಕೊಂಡ ಆ ಪುಟ್ಟ ಡಬ್ಬಿಯ ಮುಂದೆ ಕೂತಿದ್ದೇನೆ. ಕೆಲಸ ಚಿಲ್ಲರೆಯದು: ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ತೋರಿಸಬೇಕು, ಅಷ್ಟೇ. ಹುಡುಕಿದೆ. 412 ಉತ್ತರ ಬಂತು. ಮೊದಲನೆಯದು ಏಳು ವರ್ಷ ಹಿಂದಿನ ಆವೃತ್ತಿಯ ಪುಟ. ಎರಡನೆಯದು ಅದೇ ಪುಟ, ಅದಕ್ಕೂ ಹಿಂದಿನ ಆವೃತ್ತಿಯದು. ಮೂರನೆಯದರಲ್ಲಿ 'ದಿನಾಂಕದ ದೋಷ ಸರಿಪಡಿಸಲಾಗಿದೆ' ಎಂಬ ಒಂದೇ ಸಾಲು. ಯಾವ ದೋಷ, ಹೇಗೆ ಸರಿಯಾಯಿತು ಎಂಬುದೆಲ್ಲ ಮನೆಯೊಳಗಿನ ಮಾತು, ಹೊರಗಿನವರಿಗೆ ಹೇಳುವಂಥದ್ದಲ್ಲ. ಒಂದಕ್ಷರ ಹೆಚ್ಚುಕಮ್ಮಿ ಕುಟ್ಟಿದೆನೋ, 'ಏನೂ ಸಿಗಲಿಲ್ಲ'. ಒಂದೋ ಸಂಜೆಯ ದಾದರ್ ಸ್ಟೇಶನ್, ಇಲ್ಲವೇ ಶ್ಮಶಾನ.

ಈ ಡಬ್ಬಿಗಳ ಒಳಗುಟ್ಟು ಅಷ್ಟಿಷ್ಟು ಗೊತ್ತಿರುವುದರಿಂದಲೇ ನನಗೆ ಸಿಟ್ಟು ಜಾಸ್ತಿ. ಹುಡುಕುವ ಯಂತ್ರಗಳು ಇಂಗ್ಲಿಷಿನ ಇಫ್, ಫಾರ್, ನಾಟ್, ವಿತ್ ಮುಂತಾದ ಸಣ್ಣ ಪದಗಳನ್ನು ಹೊಟ್ಟೆಂದು ಕೇರಿ ತೂರಿಬಿಡುವುದುಂಟು. ಪ್ರೋಗ್ರಾಮ್ ಬರೆಯುವವನಿಗೋ, ಕಾಳೇ ಅವು. ಇನ್ನು ಬಾಲ ಕತ್ತರಿಸುವ ಕಲೆ. ಮಾರ್ಟಿನ್ ಪೋರ್ಟರ್ ಎಂಬುವರು 1980ರಲ್ಲಿ ಇಂಗ್ಲಿಷ್ ಪದಗಳ ತುದಿ ಕತ್ತರಿಸಿ ಬುಡವನ್ನಷ್ಟೇ ಉಳಿಸುವ ಒಂದು ವಿಧಾನ ಪ್ರಕಟಿಸಿದರು. ಜಾಣ ಕೆಲಸ, ಅನುಮಾನವಿಲ್ಲ. ಆದರೆ ಆ ಕತ್ತರಿಗೆ ಸಿಕ್ಕರೆ ಯೂನಿವರ್ಸ್ ಮತ್ತು ಯೂನಿವರ್ಸಿಟಿ ಎರಡೂ ಒಂದೇ. ಬ್ರಹ್ಮಾಂಡ ಹುಡುಕಲು ಹೊರಟವನನ್ನು ಮುಂಬಯಿ ಯೂನಿವರ್ಸಿಟಿಯ ಕಲೀನಾ ಕ್ಯಾಂಪಸ್ಸಿನಲ್ಲಿ ಇಳಿಸಿಬಿಡುತ್ತದೆ. (ನಮ್ಮ ಕನ್ನಡ ವಿಭಾಗ ಅಲ್ಲೇ ಇರುವುದರಿಂದ ನಾನು ತಕರಾರು ಮಾಡುವುದಿಲ್ಲ.)

ಹೆಸರು ಬದಲಾಯಿತೋ, ಮುಗಿಯಿತು. ಹೊಸ ಆವೃತ್ತಿಯಲ್ಲಿ ಫಂಕ್ಷನ್ನಿಗೆ ಮರುನಾಮಕರಣ ಮಾಡಿ, ಹಳೆಯ ಹೆಸರು ಹಿಡಿದು ಬಂದವನ ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಈ ಊರು ಹಾಗಲ್ಲ ನೋಡಿ. ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಶನ್ನಿಗೆ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಎಂಬ ಹೆಸರು ಬಂತು, 2017ರಲ್ಲಿ ನಡುವೆ 'ಮಹಾರಾಜ್' ಸೇರಿತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ 2018ರಲ್ಲಿ ಪ್ರಭಾದೇವಿ ಆಯಿತು. ಟ್ಯಾಕ್ಸಿಯವನಿಗೆ ವಿ.ಟಿ. ಎಂದರೆ ಇವತ್ತಿಗೂ ಮೀಟರ್ ಬೀಳುತ್ತದೆ. ನಮ್ಮ ದೊಡ್ಡಮ್ಮ ಕಡೆಯವರೆಗೂ 'ಬೊಂಬಾಯಿ' ಎಂದೇ ಹೇಳಿದರು. ಅಂಥ ಊರಿಲ್ಲ ಎಂದು ಯಾವ ಬಸ್ಸಿನವನೂ ಅವರನ್ನು ಇಳಿಸಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಹೊಸಬ. ಫ್ಲೋರಾ ಫೌಂಟನ್‌ನಿಂದ ಚರ್ಚ್‌ಗೇಟ್ ಕಡೆಗೆ ಹೋಗುವ ಫುಟ್‌ಪಾತಿನ ಉದ್ದಕ್ಕೂ ಆಗ ಹಳೆಯ ಪುಸ್ತಕಗಳ ಗೋಡೆ. ಎದೆಮಟ್ಟದ ರಾಶಿಗಳ ಹಿಂದೆ ಸ್ಟೂಲಿನ ಮೇಲೆ ಕೂತಿದ್ದವನೊಬ್ಬನ ಬಳಿ 'ಸಿ' ಭಾಷೆಯ ಪುಸ್ತಕ ಕೇಳಿದೆ. ಕರ್ನಿಘನ್ ಮತ್ತು ರಿಚೀ ಬರೆದದ್ದು ಎಂದೆ. ಆತ ಬೀಡಿ ತೆಗೆಯದೆ ಕೇಳಿದ: "ಕೌನ್ಸಾ ಎಡಿಶನ್, ಸಾಬ್? ಪೆಹಲಾ ಯಾ ದೂಸ್ರಾ?"

ನನಗೆ ಗೊತ್ತಿರಲಿಲ್ಲ. ಯಾವುದಾದರೂ ಕೊಡು ಎಂದೆ. ಕೊಡಲಿಲ್ಲ! "ಆಫೀಸ್ ಮೇಂ ಪೂಛ್ ಕೆ ಆವೋ." ಮೊದಲನೆಯದು 1978ರದ್ದು, ಎರಡನೆಯದು 1988ರದ್ದು, ನಡುವೆ ಭಾಷೆಯೇ ಬದಲಾಗಿದೆ ಎಂದು ಮರುದಿನ ಆಫೀಸಿನಲ್ಲಿ ತಿಳಿಯಿತು. ಅವನು ಅದನ್ನು ಓದಿ ತಿಳಿದಿದ್ದನೋ, ವಾಪಸು ತಂದವರ ಬೈಗುಳದಿಂದ ತಿಳಿದಿದ್ದನೋ. "ದೂಸ್ರಾ" ಎಂದು ಹೇಳಿದ ಮೇಲೆ, ಮೂರನೇ ರಾಶಿಯ ತಳದಿಂದ ನಾಜೂಕಾಗಿ ಎಳೆದು ಕೊಟ್ಟ. ಮೇಲಿನ ಒಂದು ಪುಸ್ತಕವೂ ಅಲುಗಲಿಲ್ಲ.

2005ರಲ್ಲಿ ಆ ಅಂಗಡಿಗಳನ್ನು ಎತ್ತಿಸಿದರು. ಅಲ್ಲೊಂದು ಇಲ್ಲೊಂದು ರಾಶಿ ಮತ್ತೆ ತಲೆಯೆತ್ತಿತು. ಸ್ಟೂಲಿನವನು ಮಾತ್ರ ಕಾಣಲಿಲ್ಲ.

ಈಗ ಹುಡುಕುವ ಡಬ್ಬಿಯ ಪಕ್ಕದಲ್ಲಿ ಮಾತಾಡುವ ಡಬ್ಬಿಯೂ ಬಂದು ಕೂತಿದೆ. ಬಲು ವಿನಯ. ಇಲ್ಲದ ಫಂಕ್ಷನ್ನಿಗೂ ಉದಾಹರಣೆ ಸಹಿತ ಉತ್ತರ ಕೊಡುತ್ತದೆ, ಗೊತ್ತಿಲ್ಲ ಎನ್ನಲು ನಾಚಿ ಎಡಕ್ಕೆ ಕೈ ತೋರಿಸುವ ದಾರಿಹೋಕನ ಹಾಗೆ. ನಿಮ್ಮದು ಯಾವ ಆವೃತ್ತಿ ಎಂದು ಅದೂ ಕೇಳಲಿಲ್ಲ.

ಹನ್ನೆರಡು ದಾಟಿತು. ಶೇಕಡಾ ಚಿಹ್ನೆಯ ಮುಂದೆ 'ಡಿ' ಎಂದು ಬರೆದರೆ ದಿನ ಬರುತ್ತದೆಂದು ಎಲ್ಲೋ ಓದಿದ ನೆನಪು. ಅದನ್ನೇ ಹುಡುಕಿದೆ. ಡಬ್ಬಿ ಶೇಕಡಾ ಚಿಹ್ನೆಯನ್ನು ನುಂಗಿ, ಬರೀ 'ಡಿ' ಇರುವ ಪುಟಗಳನ್ನೆಲ್ಲ ತಂದು ಸುರಿಯಿತು.

ಸ್ಟೂಲ್ ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದೆ. "ಈ ಹೊತ್ತಿನಲ್ಲಿ ಎಂಥದ್ದು ಹುಡುಕುವುದು ಮಾರಾಯ್ರೆ?" ಎಂದು ಒಳಗಿನಿಂದ ಹೆಂಡತಿ ಕೇಳಿದಳು. ಇಡೀ ರಾತ್ರಿಯಲ್ಲಿ ನನ್ನನ್ನು ಹಾಗೆ ಕೇಳಿದವಳು ಇವಳೊಬ್ಬಳೇ. ಗಣಪತಿ ಹಬ್ಬದ ಸೀರಿಯಲ್ ಲೈಟುಗಳ ಅಡಿಯಲ್ಲಿ ಪುಸ್ತಕ ಸಿಕ್ಕಿತು, ಹಳದಿಯಾಗಿ, ಮೂಲೆಗಳು ಮುರಿದು. ಹಿಂಬದಿಯ ಪದಸೂಚಿ ನೋಡಿ, ಅನುಬಂಧ 'ಬಿ' ತೆರೆದೆ. ಶೇಕಡಾ ಡಿ, ಶೇಕಡಾ ಎಂ, ಶೇಕಡಾ ವೈ. ಹೊಸ ಸಾಫ್ಟ್‌ವೇರಿಗೆ ಹಾಗೇ ಕುಟ್ಟಿದೆ. ದಿನಾಂಕ ಬಂತು, ನಾಳೆಯದು.

ಮುಚ್ಚುವ ಮೊದಲು ಮೊದಲ ಪುಟ ನೋಡಿದೆ. ಪೆನ್ಸಿಲಿನಲ್ಲಿ '2' ಎಂದು ಬರೆದು, ಸುತ್ತ ಒಂದು ಸೊನ್ನೆ ಎಳೆದಿದ್ದ.