ರಿಟೈರ್ಡ್ ಹರ್ಟ್ ಅಂದ್ರೆ ಔಟ್ ಅಲ್ಲ

ಬೇರೆಯವರ ಅಪ್ಪಂದಿರು ಫೋನ್ ಮಾಡಿದರೆ ‘ಊಟ ಆತೇನು?’ ಅಂತಾರೆ. ನಮ್ಮಪ್ಪ ‘ಸ್ಕೋರ್ ನೋಡಿದೇನು?’ ಅಂತಾರೆ.

ಮುಂಡರಗಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ ಮೊದಲು ರೇಡಿಯೊ ಇತ್ತು, ಆಮೇಲೆ ಮೊಬೈಲ್ ಬಂತು. ಅಪ್ಪನಿಗೆ ಈ ಹುಚ್ಚು ಹಿಡಿಸಿದ್ದು ಸುನಿಲ್ ಜೋಶಿ. ಗದಗಿನ ಹುಡುಗ, ಪ್ರಾಕ್ಟೀಸ್‌ಗೆ ಅಂತ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದವರು. 1995-96ರ ಒಂದೇ ರಣಜಿ ಸೀಸನ್‌ನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್! ‘ನಮ್ಮ ಕಡೆಯವ’ ಅಂತ ಅಪ್ಪ ಇವತ್ತಿಗೂ ಗಿರಾಕಿಗಳ ಮುಂದೆ ಹೇಳ್ತಾರೆ.

ನಾನು ಹೇಳಹೊರಟಿದ್ದು 2014-15ರ ಸೀಸನ್ ಬಗ್ಗೆ. ಹಿಂದಿನ ವರ್ಷ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಗೆದ್ದಿತ್ತು. ಈ ವರ್ಷವೂ ವಿನಯ್ ಕುಮಾರ್ ತಂಡ ರಣಜಿಯಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ನಾನು ಮಾತ್ರ ಬೆಂಗಳೂರಿನಲ್ಲಿ ಸೋತು ಕೂತಿದ್ದೆ. ಜನವರಿಯಲ್ಲಿ ಕಂಪನಿಯವರು ‘ಪ್ರಾಜೆಕ್ಟ್ ಇಲ್ಲ’ ಅಂತ ಮನೆಗೆ ಕಳಿಸಿದ್ದರು. ಊರಿಗೆ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಪಿಜಿಯಿಂದ ಹೊರಡುತ್ತಿದ್ದೆ. ಎಲ್ಲಿಗೆ ಅಂತ ನನಗೇ ಗೊತ್ತಿರುತ್ತಿರಲಿಲ್ಲ.

ಹಾಗೆ ಹೊರಟ ಒಂದು ದಿನ ಚಿನ್ನಸ್ವಾಮಿ ಸ್ಟೇಡಿಯಂಗೆ ಹೋದೆ. ಫೆಬ್ರವರಿ ಕೊನೆ, ಮುಂಬೈ ವಿರುದ್ಧ ಸೆಮಿಫೈನಲ್. ಕರ್ನಾಟಕ 202ಕ್ಕೆ ಆಲ್‌ಔಟ್. ಮುಗೀತು ಅಂದುಕೊಂಡೆ. ಆದರೆ ಮುಂಬೈ 44ಕ್ಕೆ ಆಲ್‌ಔಟ್! ವಿನಯ್ 20 ರನ್ ಕೊಟ್ಟು 6 ವಿಕೆಟ್ ಕಿತ್ತರು. ಅಷ್ಟರಲ್ಲಿ ಅಪ್ಪನ ಫೋನ್.

“ನೋಡಿದೇನೋ ತಮ್ಮಾ, ನಲವತ್ನಾಕು!”

“ಆಫೀಸಲ್ಲಿದೀನಿ ಅಪ್ಪಾ, ಆಮೇಲೆ ನೋಡ್ತೀನಿ.”

ಹಿಂದೆ ಜನ ಕೂಗುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆತು, ಕೆಲಸ ಮಾಡು” ಅಂತ ಫೋನ್ ಇಟ್ಟರು.

ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ಫೈನಲ್. ತಮಿಳುನಾಡು 134ಕ್ಕೆ ಆಲ್‌ಔಟ್. ನಮ್ಮವರು 84ಕ್ಕೆ 5. ಕೆ.ಎಲ್. ರಾಹುಲ್ ನೋವಾಗಿ ಆಟ ಬಿಟ್ಟು ಹೊರಗೆ ಹೋಗಿದ್ದ. ನಾನು ಪಿಜಿ ಮಹಡಿ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಆ ವಾರವೇ ಎರಡು ಇಂಟರ್‌ವ್ಯೂ ಕೈತಪ್ಪಿದ್ದವು. ಅಪ್ಪ ಫೋನ್ ಮಾಡಿದಾಗ ತಡೆಯಲಾಗಲಿಲ್ಲ.

“ಅಪ್ಪಾ, ಕೆಲಸ ಹೋಗಿ ಎರಡು ತಿಂಗಳಾಯ್ತು.”

“ಗೊತ್ತೈತಿ. ಆಫೀಸ್‌ನ್ಯಾಗ ಅಷ್ಟು ಗದ್ಲ ಇರಂಗಿಲ್ಲೋ ತಮ್ಮಾ.”

ನನಗೆ ಮಾತೇ ಹೊರಡಲಿಲ್ಲ. ಅವರೇ ಮುಂದುವರಿಸಿದರು. “ರಾಹುಲ್ ವಾಪಸ್ ಬ್ಯಾಟ್ ಹಿಡಕೊಂಡು ಬಂದಾನ ನೋಡು. ರಿಟೈರ್ಡ್ ಹರ್ಟ್ ಅಂದ್ರ ಔಟ್ ಅಲ್ಲ. ಬಾಡಿಗಿಗೆ ರೊಕ್ಕ ಅದಾವಿಲ್ಲ?”

ಮುಂದಿನದು ದಾಖಲೆಯಲ್ಲಿದೆ. ಕರುಣ್ ನಾಯರ್ ಜೊತೆ ರಾಹುಲ್ 386 ರನ್ ಸೇರಿಸಿದ. ಕರುಣ್ 328, ರಾಹುಲ್ 188, ವಿನಯ್ ಔಟಾಗದೆ 105, ಒಟ್ಟು 762. ಇನಿಂಗ್ಸ್ ಮತ್ತು 217 ರನ್ ಗೆಲುವು. ‘ಒಂದೂ ಸೋಲಿಲ್ಲದ ಸೀಸನ್’ ಅಂದಾಗ ಎಲ್ಲರಿಗೂ ನೆನಪಾಗುವುದು ಆ 762. ನನಗೆ ನೆನಪಾಗುವುದು 84ಕ್ಕೆ 5. ಅಸ್ಸಾಂ ವಿರುದ್ಧದ ಕ್ವಾರ್ಟರ್‌ಫೈನಲ್ ಕೂಡ ಡ್ರಾ. ಮೊದಲ ಇನಿಂಗ್ಸ್ ಲೀಡ್ ಮೇಲೆ ದಾಟಿದ್ದು. ಸೋಲದೇ ಇದ್ದವರು ದಿನಾ ಗೆದ್ದಿರಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಜೂನ್‌ನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಅಲ್ಲಿಯವರೆಗೆ ಪ್ರತಿ ತಿಂಗಳು ಐದನೇ ತಾರೀಖು ಅಪ್ಪ ದುಡ್ಡು ಹಾಕುತ್ತಿದ್ದರು. ಆಮೇಲೆ ಒಮ್ಮೆಯೂ ಅದರ ಮಾತೆತ್ತಲಿಲ್ಲ.

ಹೋದ ವರ್ಷ ಅಪ್ಪನ ಮೊಣಕಾಲಿಗೆ ಆಪರೇಷನ್ ಆಯ್ತು. ಅಂಗಡಿ ಎರಡು ತಿಂಗಳು ಬಾಗಿಲು ಹಾಕಿತ್ತು. ಒಂದು ಸಂಜೆ ಹಾಸಿಗೆಯಲ್ಲಿ ಕೂತು, “ನಮ್ಮ ಇನಿಂಗ್ಸ್ ಮುಗೀತೋ ತಮ್ಮಾ” ಅಂದರು.

ನಾನು ಕೇಳಿದೆ: “ಅಪ್ಪಾ, ಆ ಫೈನಲ್‌ನಲ್ಲಿ ರಾಹುಲ್ ಎಷ್ಟು ಹೊಡೆದಿದ್ದ?”

ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ವಾಕರ್ ಕಡೆ ಕೈ ಚಾಚುತ್ತಾ ಅಂದರು, “ನೂರಾ ಎಂಬತ್ತೆಂಟು.”