ಬ್ಯಾಸರ

"ಅಮ್ಮಾ, ಬ್ಯಾಸರಾಗೇದ." ಜೂನಿಯರ್ ಕಾಲೇಜಿಗೆ ಹೋಗುವ ಮಗಳು ಮೂರು ತಿಂಗಳಿಂದ ಹೇಳುತ್ತಲೇ ಇದ್ದಳು. ನಮ್ಮ ಧಾರವಾಡದ ಕಡೆ ಮಳೆ ಬಿಡದಿದ್ದರೂ ಬ್ಯಾಸರ, ಸಿನಿಮಾ ಚೆನ್ನಾಗಿಲ್ಲದಿದ್ದರೂ ಬ್ಯಾಸರ. "ಮಿನಿ ಸೀಶೋರ್ ಕಡೆ ಒಂದ್ ಸುತ್ತ ಹೋಗಿ ಬಾ" ಎನ್ನುತ್ತಿದ್ದೆ. ಅವಳಿಗೆ ನಿದ್ದೆ ತಪ್ಪಿತು, ಗೆಳತಿಯರು ದೂರವಾದರು, ಇಷ್ಟದ ಹಾಡಿನ ಕ್ಲಾಸೂ ನಿಂತಿತು. ಪರೀಕ್ಷೆಯ ಒತ್ತಡ ಅಂದುಕೊಂಡೆ. ಒಂದು ರಾತ್ರಿ "ನಾ ಇರದಿದ್ರ ನಿಮಗ ಆರಾಮ ಆಗ್ತಿತ್ತು" ಎಂದಳು. ಆಗ ಗಾಬರಿಯಾಯಿತು.

ಮರುದಿನವೇ ವಾಶಿಯಲ್ಲೇ ಮನೋವೈದ್ಯರನ್ನು ಕಂಡೆವು. ಅವರು ಆಪ್ತಸಮಾಲೋಚಕಿಯ ಬಳಿ ಕಳಿಸಿದರು. "ಸಾಯಬೇಕು ಅನಿಸುತ್ತದೆಯೇ?" ಎಂದು ಆಕೆ ನೇರವಾಗಿಯೇ ಕೇಳಿದಾಗ ನಾನು ಬೆಚ್ಚಿದೆ. ಮಗಳು ಮಾತ್ರ ನಿಟ್ಟುಸಿರು ಬಿಟ್ಟು "ಹೌದು" ಎಂದಳು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ ಎಂದು ನನಗೆ ಆಮೇಲೆ ತಿಳಿಸಿ ಹೇಳಿದರು.

ಅಂದೇ ಮಗಳ ಕೈಯಿಂದ ಒಂದು ಹಾಳೆ ಬರೆಸಿದರು. ಇದಕ್ಕೆ 'ಸೇಫ್ಟಿ ಪ್ಲಾನ್' ಎನ್ನುತ್ತಾರೆ. ಅಮೆರಿಕದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ್ದು. ಕೆಟ್ಟ ಗಳಿಗೆಯ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಿಕೊಳ್ಳಬಹುದು, ಯಾರ ಜೊತೆ ಇರಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ವೈದ್ಯರು, ಮನೆಯಲ್ಲಿ ಯಾವ ವಸ್ತು ಕೈಗೆ ಸಿಗಬಾರದು: ಇಷ್ಟೇ. ಮಾತೆಲ್ಲ ಹಿಂದಿಯಲ್ಲಿ ನಡೆದರೂ ಮೊದಲ ಸಾಲಿನಲ್ಲಿ ಅವಳು ಕನ್ನಡದಲ್ಲೇ "ಬ್ಯಾಸರ" ಎಂದು ಬರೆದಿದ್ದಳು. ಫೋನಿಗೆ ಧಾರವಾಡದ ಅಜ್ಜಿಯ ನಂಬರ್. ನನ್ನ ಹೆಸರು ಇರಲಿಲ್ಲ. ಲೋಕಲ್ ಟ್ರೈನು, ಆಫೀಸು, ಅಡುಗೆಯ ನಡುವೆ ನಾನು ಮನೆಯಲ್ಲಿದ್ದೂ ಇಲ್ಲದವಳಾಗಿದ್ದೆ.

ನಂತರ ವಾರಕ್ಕೊಮ್ಮೆ ಸಿಬಿಟಿ ಎಂಬ ಚಿಕಿತ್ಸೆ ಶುರುವಾಯಿತು. ಅದರಲ್ಲಿ ಉಪದೇಶವಿಲ್ಲ. "ನಾನು ಎಲ್ಲರಿಗೂ ಭಾರ" ಎಂಬ ಯೋಚನೆ ಬಂದಾಗ ಅದನ್ನು ಬರೆಯುವುದು, ಅದಕ್ಕೆ ಆಧಾರವೇನು ಎಂದು ಪರೀಕ್ಷಿಸುವುದು, ಬಿಟ್ಟ ಕೆಲಸಗಳಲ್ಲಿ ಒಂದೊಂದನ್ನೇ ಮತ್ತೆ ಹಿಡಿಯುವುದು. ನನಗೂ ಪಾಠವಿತ್ತು: ಮಗಳು ಮಾತಾಡುವಾಗ ಪರಿಹಾರ ಹೇಳದೆ ಕೇಳಿಸಿಕೊಳ್ಳುವುದು. ಅವಳ ಪಾಠಕ್ಕಿಂತ ನನ್ನದೇ ಕಷ್ಟವಾಗಿತ್ತು.

ಇದನ್ನು ಮಗಳು ಓದಿ, ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ಊರು ಬಿಟ್ಟು ಬಂದ ನಮಗೆ ಇಂಥ ಮಾತಿಗೆ ಯಾರೂ ಸಿಗುವುದಿಲ್ಲ ಎನಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು. ಭಾಷೆಗಳಲ್ಲಿ ಕನ್ನಡವೂ ಇದೆ.

ಮಗಳು ಈಗಲೂ "ಬ್ಯಾಸರಾಗೇದ" ಎನ್ನುತ್ತಾಳೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು "ಎಂಥಾ ಬ್ಯಾಸರ?" ಎಂದು ಕೇಳುತ್ತೇನೆ. ಮೊನ್ನೆ ನಕ್ಕಳು: "ಇದು ಬರೇ ಗಣಿತದ್ದು, ಅಮ್ಮಾ."