ಸಹವಾಸ ಬದಲಾದರೆ ಚಿನ್ನವೂ ಬದಲು

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ನಮಗೆಲ್ಲ ಗೊತ್ತು. ಸನ್ಯಾಸಿಯ ಮಾತಿರಲಿ, ಚಿನ್ನವೂ ಸಹವಾಸಕ್ಕೆ ತಕ್ಕಂತೆ ಬದಲಾಗುತ್ತದೆ ಎಂದರೆ ನಂಬುತ್ತೀರಾ? ಅಜ್ಜಿಯ ಕಾಸಿನ ಸರ ಮೊಮ್ಮಗಳ ಕೊರಳಿಗೆ ಬಂದರೂ ಮಾಸುವುದಿಲ್ಲ. ನಾವು ಬಲ್ಲ ಚಿನ್ನ ಅದು.

ಅದೇ ಚಿನ್ನವನ್ನು ಕೆಲವು ಹತ್ತು ಪರಮಾಣುಗಳ ಗೊಂಚಲಿಗೆ ಇಳಿಸಿದರೆ ಅದರ ಗುಣವೇ ಬೇರೆ. ವಿಜ್ಞಾನಿಗಳು ಇದನ್ನು ನ್ಯಾನೋಕ್ಲಸ್ಟರ್ ಎನ್ನುತ್ತಾರೆ. ಗಾತ್ರ ಒಂದೆರಡು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಹಾಗೇ ಬಿಟ್ಟರೆ ಇವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆದ್ದರಿಂದ ಗಂಧಕವುಳ್ಳ ಅಣುಗಳ ಅಂಗಿ ತೊಡಿಸುತ್ತಾರೆ. ಈ ಅಂಗಿಯೇ ಲಿಗ್ಯಾಂಡ್.

ಅಂಗಿ ಬದಲಿಸಿದರೆ ಆಳು ಬದಲಾಗುವುದಿಲ್ಲ ಎಂಬುದು ಲೋಕಜ್ಞಾನ. 2013ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೊಂಗ್‌ಚಾವೊ ಜಿನ್ ಅವರ ತಂಡ ಕಂಡದ್ದೇ ಬೇರೆ. 38 ಚಿನ್ನದ ಪರಮಾಣು ಮತ್ತು 24 ಲಿಗ್ಯಾಂಡ್‌ಗಳಿದ್ದ ಗೊಂಚಲನ್ನು ಅವರು ಇನ್ನೊಂದು ಬಗೆಯ ದಪ್ಪ ಮೈಯ ಲಿಗ್ಯಾಂಡ್ ಜೊತೆ ಬಿಸಿ ಮಾಡಿದರು. ಹಳೆಯ ಅಂಗಿಗಳು ಕಳಚಿ ಹೊಸವು ಬಂದವು. ಅಂಗಿಗಳ ಲೆಕ್ಕ 24ರಲ್ಲೇ ನಿಂತಿತು, ಚಿನ್ನ ಮಾತ್ರ 36ಕ್ಕೆ ಇಳಿಯಿತು! ಹೊಸಬರ ಇಕ್ಕಟ್ಟಿಗೆ ಒಳಗಿನ ಪರಮಾಣುಗಳೇ ಸರಿದು ಬೇರೆ ವಿನ್ಯಾಸದಲ್ಲಿ ಕುಳಿತವು. ಬೆಳಕು ಹೀರುವ ರೀತಿಯೂ ಬದಲಾಯಿತು.

ವೈದ್ಯನಿಗೆ ಈ ಉಸಾಬರಿ ಏಕೆ ಎನ್ನಬಹುದು. ನಾನು ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಸಂಧಿವಾತಕ್ಕೆ ಚಿನ್ನದ ಇಂಜೆಕ್ಷನ್ ಕೊಡುತ್ತಿದ್ದೆವು. ಫ್ರಾನ್ಸಿನ ವೈದ್ಯ ಜಾಕ್ ಫೊರೆಸ್ಟಿಯೆ 1929ರಲ್ಲಿ ವರದಿ ಮಾಡಿದ ಚಿಕಿತ್ಸೆ ಅದು. ಆ ಮದ್ದು ಗೊಂಚಲಲ್ಲ, ಲವಣ. ಆದರೆ ಲಿಗ್ಯಾಂಡ್ ಬದಲಾವಣೆ ಅಲ್ಲೂ ಇತ್ತು. ಸೀಸೆಯಲ್ಲಿದ್ದ ಚಿನ್ನ ರಕ್ತ ಸೇರಿದ ಮೇಲೆ ಹಳೆಯ ಜೊತೆಗಾರನನ್ನು ಬಿಟ್ಟು ಆಲ್ಬುಮಿನ್ ಎಂಬ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಳ್ಳುತ್ತಿತ್ತು. ಕೆಲವರು ನೋವು ಇಳಿದು ಮತ್ತೆ ಟೀ ಕಪ್ ಹಿಡಿಯುವಂತಾದರು. ಇನ್ನು ಕೆಲವರ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು ಚಿಕಿತ್ಸೆ ನಿಲ್ಲಿಸಬೇಕಾಯಿತು. ಅದಕ್ಕೇ ಪ್ರತಿ ಇಂಜೆಕ್ಷನ್‌ಗೆ ಮೊದಲು ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದೆವು.

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಹಿರಿಯರೊಬ್ಬರು ಇಂಟರ್ನೆಟ್‌ನಲ್ಲಿ ತರಿಸಿದ "ನ್ಯಾನೋ ಚಿನ್ನ"ದ ಬಾಟಲಿ ತೋರಿಸಿದರು. "ಡಾಕ್ಟ್ರೇ, ಅಪ್ಪಟ ಚಿನ್ನವಂತೆ. ತೊಂದರೆ ಏನಿಲ್ವಲ್ಲ?" ಅವರ ಕಿಡ್ನಿ ಮೊದಲೇ ದುರ್ಬಲ. "ರಾಯರೇ, ಅಪ್ಪಟವೋ ಅಲ್ಲವೋ ಅನ್ನೋದು ಅಕ್ಕಸಾಲಿಗನ ಪ್ರಶ್ನೆ. ಅದು ಯಾವ ಅಂಗಿ ತೊಟ್ಟಿದೆ, ಮೈಯೊಳಗೆ ಹೋಗಿ ಯಾವುದನ್ನು ತೊಡುತ್ತೆ ಅನ್ನೋದು ನನ್ನ ಪ್ರಶ್ನೆ. ಬಾಟಲಿ ಮೇಲೆ ಎರಡೂ ಬರೆದಿಲ್ಲ" ಎಂದೆ. ಅವರು ತುಸು ಯೋಚಿಸಿ ಬಾಟಲಿಯನ್ನು ನನ್ನ ಕೈಗಿತ್ತರು.

ತಕ್ಕ ಅಂಗಿ ತೊಡಿಸಿದರೆ ಚಿನ್ನದ ಕಣಗಳು ಕಿಡ್ನಿಯ ಮೂಲಕ ಹೊರಹೋಗುತ್ತವೆ ಎಂಬುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಮುಂದೊಂದು ದಿನ ಇದರಿಂದ ಒಳ್ಳೆಯ ಮದ್ದು ಬರಬಹುದು. ಅಲ್ಲಿಯವರೆಗೆ ಚಿನ್ನ ಕೊರಳಲ್ಲೇ ಇರಲಿ, ಗಂಟಲಿಗೆ ಇಳಿಯುವುದು ಬೇಡ.